"ನಾನು ಹೋದರೆ ನಮ್ಮ ಹುಡುಗ ಸೋಲ್ತಾನಾ?" – ಓದುಗರ ಸ್ಪಂದನ

ಹಿಂದಿನ ಸಂಚಿಕೆಯಲ್ಲಿ ಪ್ರಕಟವಾದ ಸಮಸ್ಯೆ:

ನಾನು ಮೈಸೂರಿನವನು. ವಯಸ್ಸು ಐವತ್ತು ದಾಟಿದೆ. ದಿನಸಿ ಅಂಗಡಿ ಇದೆ. ಚಿಕ್ಕಂದಿನಿಂದ ಕುಸ್ತಿ ಹುಚ್ಚು. ನಮ್ಮ ಬೀದಿಯ ಗರಡಿಯಲ್ಲಿ ಬೆಳೆದ ಹುಡುಗ ಈ ಸಲ ಮತ್ತೆ ಮೈಸೂರು ದಸರಾ ಕುಸ್ತಿಯ ದಸರಾ ಕೇಸರಿ ಪಟ್ಟಕ್ಕೆ ಇಳಿಯುತ್ತಿದ್ದಾನೆ. ಹೋದ ವರ್ಷ ಮ್ಯಾಟ್ ಮೇಲೆ ಒಂದು ಪಾಯಿಂಟ್ ಮುಂದಿದ್ದವನು ಕೊನೇ ಗಳಿಗೆಯಲ್ಲಿ ಸೋತ. ಅವತ್ತು ನಾನು ಅಲ್ಲೇ ಇದ್ದೆ. ಅದಕ್ಕೂ ಮುಂಚೆ ಅವನು ಸೋತ ದೊಡ್ಡ ಕುಸ್ತಿಗೂ ನಾನು ಹೋಗಿದ್ದೆ. ನಾನಿಲ್ಲದ ಕಡೆ ಗೆದ್ದಿದ್ದಾನೆ. ನನ್ನ ದೃಷ್ಟಿಯೇ ಸರಿಯಿಲ್ಲವೇನೋ ಅನಿಸಿಬಿಟ್ಟಿದೆ. ಈಗ ರಾತ್ರಿ ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಎದೆ ಹಿಡಿದಂತಾಗುತ್ತದೆ, ಅಂಗಡಿಯಲ್ಲಿ ಗಿರಾಕಿಗಳ ಮೇಲೆ ರೇಗುತ್ತೇನೆ. "ಯಾರ ಮನೆ ಮಗನಿಗೋ ನಿಮಗ್ಯಾಕೆ ಇಷ್ಟು ಸಂಕಟ" ಅಂತ ಹೆಂಡತಿ ಕೇಳುತ್ತಾಳೆ. ನಾನು ಕುಸ್ತಿ ನೋಡಲು ಹೋಗಲಾ, ಬೇಡವಾ?

*

ಅಣ್ಣಾ, ನಿಮ್ಮ ಪತ್ರ ಓದಿ ಸುಮ್ಮನಿರಲು ಆಗಲಿಲ್ಲ. ನಾನೂ ಗರಡಿ ಮಣ್ಣಲ್ಲೇ ಬೆಳೆದವನು. ಕೆಮ್ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಶಿನ, ನಿಂಬೆರಸ ಬೆರೆಸಿ ಹದ ಮಾಡಿದ ಆ ಮಟ್ಟಿಯ ವಾಸನೆ ಈಗಲೂ ಮೂಗಿನಲ್ಲಿದೆ. ಆ ಅನುಭವದಿಂದ ಹೇಳ್ತೀನಿ, ಕುಸ್ತಿಗೆ ಇಳಿದವನಿಗೆ ಹೊರಗೆ ಯಾರು ಕೂತಿದ್ದಾರೆ ಅನ್ನುವುದು ಗೊತ್ತೇ ಆಗುವುದಿಲ್ಲ. ಕೈಗೆ ಕೈ ಕೊಟ್ಟ ಮೇಲೆ ಎದುರಾಳಿಯ ಕತ್ತು, ಮುಂಗೈ, ಅವನ ಯಾವ ಕಾಲು ಮುಂದಿದೆ, ಉಸಿರು ಎಷ್ಟು ಏರಿದೆ, ಇಷ್ಟರ ಮೇಲೇ ಗಮನ. ಕಿವಿಗೆ ಬೀಳುವುದು ಕುಸ್ತಿ ಕಲಿಸಿದ ಉಸ್ತಾದರ ದನಿ ಒಂದೇ. ಉಳಿದ ಶಿಳ್ಳೆ, ಕೂಗು ಎಲ್ಲ ಸೇರಿ ಬರೀ ಗದ್ದಲ. ಅಂಥಾದ್ದರಲ್ಲಿ ನಿಮ್ಮ ಕಣ್ಣು ತಾಗಿ ಅವನು ಸೋತ ಅಂದರೆ ನಾನು ಒಪ್ಪಲ್ಲ.

ಯಾಕೆ ಸೋತ ಅನ್ನುವುದು ನಿಮ್ಮ ಪತ್ರದಲ್ಲೇ ಇದೆ. ಒಂದು ಪಾಯಿಂಟ್ ಮುಂದಿದ್ದ, ಕೊನೇ ಗಳಿಗೆಯಲ್ಲಿ ಸೋತ ಅಂತ ಬರೆದಿದ್ದೀರಿ. ಮಣ್ಣಿನಿಂದ ಮ್ಯಾಟ್‌ಗೆ ಹೋದ ನಮ್ಮ ಕಡೆ ಹುಡುಗರಿಗೆ ಇದು ಆಗುತ್ತಲೇ ಇರುತ್ತದೆ. ನಾಡ ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿ ಚಿತ್ ಆಗುವ ತನಕ ಸೋಲಿಲ್ಲ. ಅದರಲ್ಲೂ ಸೋಲು ಗೆಲುವು ಆಗುವ ತನಕ ಬಿಡದ ಮಾರ್ಪಿಟ್ ಕುಸ್ತಿ ಇದ್ದರಂತೂ ತಾಳ್ಮೆಯೇ ಅರ್ಧ ಬಲ. ಎದುರಾಳಿ ದಣಿಯಲಿ ಅಂತ ಕಾಯಬಹುದು, ಹಿಂದೆ ಸರಿಯಬಹುದು, ಮತ್ತೆ ಪಟ್ಟು ಹಾಕಬಹುದು.

ಮ್ಯಾಟ್ ಮೇಲೆ ಆ ಲೆಕ್ಕ ನಡೆಯಲ್ಲ. ಅಲ್ಲಿ ಇರುವುದೇ 6 ನಿಮಿಷ. 3 ನಿಮಿಷ ಆಡಿ, 30 ಸೆಕೆಂಡ್ ಬಿಡುವು, ಮತ್ತೆ 3 ನಿಮಿಷ. ಒಂದು ಕಾಲು ಗೆರೆ ದಾಟಿ ಹೊರಗೆ ಬಿತ್ತೋ, ಎದುರಾಳಿಗೆ 1 ಪಾಯಿಂಟ್. ಹಿಂದಿನಿಂದ ಹಿಡಿದು ಕೆಡವಿದರೆ 2. ಆಡದೆ ಹಿಂದೆ ಹಿಂದೆ ಸರಿಯುತ್ತಿದ್ದರೆ ಮೊದಲು ಎಚ್ಚರಿಕೆ. ಆಮೇಲೂ ಹಾಗೇ ಮಾಡಿದರೆ 30 ಸೆಕೆಂಡ್ ಗಡುವು. ಅಷ್ಟರಲ್ಲಿ ಯಾರೂ ಪಾಯಿಂಟ್ ಗಳಿಸದಿದ್ದರೆ ಆಗಲೂ ಎದುರಾಳಿಗೇ 1 ಪಾಯಿಂಟ್. ಒಂದು ಪಾಯಿಂಟ್ ಇಟ್ಟುಕೊಂಡು ಕಾಪಾಡಿಕೊಳ್ಳೋಣ ಅಂತ ಹೊರಟವನು ತಾನಾಗಿಯೇ ಗೆರೆಯ ಹತ್ತಿರ ಬಂದು ನಿಲ್ಲುತ್ತಾನೆ. ಅಲ್ಲಿ ಅವನ ಕಾಲಿಗೆ ಕೈ ಹಾಕುವುದು ಸುಲಭ. ಎದುರಾಳಿ ಕೊನೇ ಅರ್ಧ ನಿಮಿಷದಲ್ಲಿ ಕಾಯುತ್ತಿರುವುದೇ ಅದಕ್ಕೆ. ನಿಮ್ಮ ಹುಡುಗನಿಗೂ ಹೀಗೇ ಆಗಿರಬೇಕು ಅಂತ ನನಗೆ ಬಲವಾಗಿ ಅನಿಸುತ್ತದೆ.

ಇನ್ನೊಂದು ವಿಷಯ. ಪಾಯಿಂಟ್ ಸಮ ಆಯಿತು ಅಂದರೆ ಕುಸ್ತಿ ಸಮ ಅಂತಲ್ಲ. ದೊಡ್ಡ ಪಟ್ಟು ಹಾಕಿ ಒಂದೇ ಸಲಕ್ಕೆ ಹೆಚ್ಚು ಪಾಯಿಂಟ್ ಗಳಿಸಿದವನು ಮೇಲು. ಅದೂ ಸಮವಾಗಿ, ಎಚ್ಚರಿಕೆಗಳೂ ಸಮವಾಗಿದ್ದರೆ ಕೊನೆಗೆ ಪಾಯಿಂಟ್ ಗಳಿಸಿದವನು ಗೆದ್ದಂತೆ. ಇದು ಗೊತ್ತಿಲ್ಲದೆ ನಮ್ಮ ಜನ ಎಷ್ಟೋ ಸಲ ರೆಫರಿ ಮೇಲೆ ಕೂಗಾಡುತ್ತಾರೆ.

ನೀವು ಹೋಗಿ ಅಣ್ಣಾ. ಹೋದಾಗ ಅವನ ಮುಖ ನೋಡಬೇಡಿ, ಕಾಲು ನೋಡಿ. ಮ್ಯಾಟ್ ನಡುವೆ ನಿಂತು, ಮೊಣಕಾಲು ಬಗ್ಗಿಸಿಕೊಂಡು, ಕೈ ಆಡಿಸುತ್ತಲೇ ಇದ್ದಾನಾ? ಹಾಗಿದ್ದರೆ ಹುಡುಗ ಕಲಿತಿದ್ದಾನೆ. ನೆಟ್ಟಗೆ ನಿಂತು ಗಡಿಯಾರ ನೋಡಲು ಶುರು ಮಾಡಿದರೆ ಮಾತ್ರ ಕಷ್ಟ. ಹೀಗೆ ನೋಡುವ ಅಭ್ಯಾಸ ಆದರೆ ನಿಮ್ಮ ಎದೆ ಹೊಡೆದುಕೊಳ್ಳುವುದೂ ಕಡಿಮೆಯಾಗುತ್ತದೆ. ಏನು ನಡೆಯುತ್ತಿದೆ ಅಂತ ಗೊತ್ತಿದ್ದವನಿಗೆ ಭಯ ಸ್ವಲ್ಪ ಕಡಿಮೆ.

– ಮಾಜಿ ಪೈಲ್ವಾನ್, ಮಂಡ್ಯ

*

ಸರ್, ನಾನು ಆಸ್ಪತ್ರೆಯಲ್ಲಿ ನರ್ಸ್. ಕುಸ್ತಿ ಬಗ್ಗೆ ನನಗೆ ಏನೂ ಗೊತ್ತಿಲ್ಲ. ಆದರೆ "ಎದೆ ಹಿಡಿದಂತಾಗುತ್ತದೆ" ಅಂತ ಬರೆದಿರಲ್ಲ, ಅದನ್ನು ಆತಂಕ ಅಂತ ನೀವೇ ತೀರ್ಮಾನ ಮಾಡಬೇಡಿ. ಕುಸ್ತಿಗೆ ಹೋಗುವ ಮುಂಚೆ ಡಾಕ್ಟರ ಹತ್ತಿರ ಹೋಗಿ. ಬಿಪಿ ನೋಡಿಸಿ, ಇಸಿಜಿ ಮಾಡಿಸಿ. ನಿದ್ದೆ ಬರುವವರೆಗೆ ಸಂಜೆ ಮೇಲೆ ಕಾಫಿ ಬಿಡಿ. ರಾತ್ರಿ ಮಲಗಿಕೊಂಡು ಮೊಬೈಲಿನಲ್ಲಿ ಹೋದ ವರ್ಷದ ಕುಸ್ತಿ ಮತ್ತೆ ಮತ್ತೆ ನೋಡುತ್ತಿದ್ದರೆ ಅದನ್ನೂ ನಿಲ್ಲಿಸಿ. ಎಲ್ಲ ಸರಿ ಇದೆ ಅಂತ ಡಾಕ್ಟರು ಹೇಳಿದರೆ ಆರಾಮಾಗಿ ಹೋಗಿ ಬನ್ನಿ.

– ಶುಶ್ರೂಷಕಿ, ಹುಬ್ಬಳ್ಳಿ

*

ಅಣ್ಣಾರೆ, ನಮಸ್ಕಾರ. ನಮ್ಮದು ಹಳಿಯಾಳ. ನಮ್ಮ ಊರ ಕಡೆ ಹೆಣ್ಣುಮಕ್ಕಳು ಕುಸ್ತಿ ಆಡುವುದು ದೊಡ್ಡ ಸುದ್ದಿ ಅಲ್ಲ. ನನ್ನ ಮಗಳೂ ಆಡುತ್ತಾಳೆ. ಒಂದಲ್ಲ ಒಂದು ದಿನ ಹೆಣ್ಣುಮಕ್ಕಳ ದಸರಾ ಕಿಶೋರಿ ಪಟ್ಟ ಗೆಲ್ಲಬೇಕು ಅಂತ ಅವಳ ಆಸೆ. ನೀವು ಅಭಿಮಾನಿಯಾಗಿ ಬರೆದಿದ್ದೀರಿ. ಅಖಾಡಕ್ಕೆ ಇಳಿಯುವವರ ಮನೆಯಿಂದ ನಾನು ಬರೆಯುತ್ತಿದ್ದೇನೆ.

ದೊಡ್ಡ ಕುಸ್ತಿ ಹತ್ತಿರ ಬಂದಾಗ ನಮ್ಮ ಮನೆಯಲ್ಲಿ ತೂಕದ ಮೆಷಿನ್ನೇ ಯಜಮಾನ. ಬೆಳಗ್ಗೆ ಎದ್ದ ತಕ್ಷಣ ಅದರ ಮೇಲೆ ನಿಲ್ಲುತ್ತಾಳೆ, ಓಡಿ ಬಂದು ಮತ್ತೆ ನಿಲ್ಲುತ್ತಾಳೆ. ನೀರು ಕುಡಿಯುವುದೂ ಲೆಕ್ಕ ಹಾಕಿಯೇ. ಅಂಥ ದಿನಗಳಲ್ಲಿ ಪರಿಚಯದವರು ಪ್ರೀತಿಯಿಂದ ತುಪ್ಪದ ಲಾಡು, ಬಾದಾಮಿ ಹಾಲು ತಂದು "ಒಂದು ಗುಟುಕು ಕುಡಿ ಮಗಳೇ" ಅನ್ನುತ್ತಾರೆ. ಬೇಡ ಅಂದರೆ ಅವರಿಗೆ ಬೇಜಾರು, ಕುಡಿದರೆ ಇವಳಿಗೆ ಕಣ್ಣೀರು.

ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 2024ರಲ್ಲಿ ಏನಾಯಿತು ಅಂತ ನಿಮಗೆ ಗೊತ್ತೇ ಇದೆ. ಆಗಸ್ಟ್ 6ರಂದು ವಿನೇಶ್ ಫೋಗಟ್ ಜಪಾನಿನ ಯುಯಿ ಸುಸಾಕಿಯನ್ನು ಸೋಲಿಸಿದಳು. ಸುಸಾಕಿ ಅಲ್ಲಿಯವರೆಗೆ ಬೇರೆ ದೇಶದ ಯಾರ ಎದುರೂ ಸೋತವಳೇ ಅಲ್ಲ. ಅವತ್ತೇ ವಿನೇಶ್ ಫೈನಲ್ ತಲುಪಿದಳು. ರಾತ್ರಿಯಿಡೀ ಬೆವರು ಹರಿಸಿದರೂ, ಕೂದಲು ಕತ್ತರಿಸಿದರೂ ಮರುದಿನ ಬೆಳಗ್ಗೆ ಅವಳ ವಿಭಾಗದ ಮಿತಿಯಾದ 50 ಕೆಜಿಗಿಂತ 100 ಗ್ರಾಂ ಹೆಚ್ಚು ಬಂತು. ಪದಕವೇ ಹೋಯಿತು. ಅದೇ ಒಲಿಂಪಿಕ್ಸ್‌ನಲ್ಲಿ ಅಮನ್ ಸೆಹ್ರಾವತ್ ಒಂದೇ ರಾತ್ರಿ 4.6 ಕೆಜಿ ಇಳಿಸಿ, 57 ಕೆಜಿಯಲ್ಲಿ ಕಂಚು ಗೆದ್ದ. ನಮ್ಮ ಮನೆಯಲ್ಲಿ ಆ ವಾರ ಯಾರೂ ಸರಿಯಾಗಿ ಮಾತಾಡಲಿಲ್ಲ.

ನಿಮ್ಮ ಹುಡುಗ ಯಾವ ತೂಕದಲ್ಲಿ ಆಡುತ್ತಾನೆ ಅಂತ ನೀವು ಬರೆದಿಲ್ಲ. ತೂಕ ಇಳಿಸುವ ಪಾಡು ಅವನಿಗೂ ಇದ್ದರೆ ದಯವಿಟ್ಟು ತಿನ್ನಲು ಏನೂ ಒಯ್ಯಬೇಡಿ. "ಈ ಸಲ ಗೆಲ್ಲಲೇಬೇಕು, ಬೀದಿ ಮರ್ಯಾದೆ ಪ್ರಶ್ನೆ" ಅಂತಲೂ ಹೇಳಬೇಡಿ. ಆ ಮಾತು ಅವನಿಗೆ ಊರೆಲ್ಲ ಹೇಳುತ್ತಿರುತ್ತದೆ.

ಒಂದು ಮಾತು ಕೇಳ್ತೀನಿ, ಬೇಜಾರು ಮಾಡಿಕೊಳ್ಳಬೇಡಿ. ಹೋದ ವರ್ಷ ಅವನು ಸೋತ ಮೇಲೆ ನೀವು ಅವನನ್ನು ಹೋಗಿ ಮಾತಾಡಿಸಿದಿರಾ? ಪತ್ರದಲ್ಲಿ ಅದು ಇಲ್ಲ. ನನ್ನ ಮಗಳು ರಾಜ್ಯ ಮಟ್ಟದಲ್ಲಿ ಸೋತು ಬಂದ ದಿನ ನಮ್ಮ ಮನೆಗೆ ಒಬ್ಬರೇ ಬಂದರು. ನಮ್ಮ ಓಣಿಯ ಮುದುಕರು, ಬೀಡಾ ಅಂಗಡಿಯವರು. ಒಳಗೂ ಬರಲಿಲ್ಲ. ಬಾಗಿಲಲ್ಲೇ ನಿಂತು, "ಎರಡನೇ ಸುತ್ತಿನಲ್ಲಿ ಕಾಲು ಬಿಡಿಸಿಕೊಂಡೆಯಲ್ಲ, ಅದು ಚೆನ್ನಾಗಿತ್ತು" ಅಂತ ಹೇಳಿ ಹೋದರು. ಅವಳು ಆಮೇಲೆ ಊಟ ಮಾಡಿದಳು.

ಹೋಗಲಾ ಬೇಡವಾ ಅನ್ನುವುದಕ್ಕಿಂತ, ಕುಸ್ತಿ ಮುಗಿದ ಮೇಲೆ ಎಲ್ಲಿರ್ತೀರಿ ಅನ್ನುವುದನ್ನು ಯೋಚನೆ ಮಾಡಿ. ಗೆದ್ದರೆ ಅವನ ಸುತ್ತ ಜಾಗ ಸಿಗಲ್ಲ, ನೀವು ಮನೆಗೆ ಬಂದುಬಿಡಿ, ಪರವಾಗಿಲ್ಲ. ಸೋತರೆ ಮಾತ್ರ ಬಿಟ್ಟು ಬರಬೇಡಿ. ಅವನು ಆಡಿದ್ದರಲ್ಲಿ ಚೆನ್ನಾಗಿದ್ದ ಒಂದನ್ನು ಹೇಳಬೇಕಾದರೆ ನೀವು ಕುಸ್ತಿ ನೋಡಿರಬೇಕಲ್ವಾ?

– ಕುಸ್ತಿಪಟುವಿನ ತಾಯಿ, ಹಳಿಯಾಳ

*

ಎಲ್ಲರೂ ಹೋಗಿ ಅನ್ನಬಹುದು. ನಾನು ಸ್ವಲ್ಪ ಬೇರೆ ಹೇಳುತ್ತೇನೆ. ಹೋಗಲೇಬೇಕು ಅಂತ ಕಾನೂನೇನೂ ಇಲ್ಲ ಸ್ವಾಮಿ. ದಾವಣಗೆರೆಯಲ್ಲಿ ದುರ್ಗಾಂಬಿಕಾ ಜಾತ್ರೆಯ ಬಯಲು ಕುಸ್ತಿ ನೋಡುತ್ತಾ ಬೆಳೆದವನು ನಾನು. ಅಖಾಡದಲ್ಲಿ ಮಗ ಆಡುವಾಗ ದೇವಸ್ಥಾನದ ಹತ್ತಿರ ಹೋಗಿ ನಿಂತುಬಿಡುವ ಅಪ್ಪಂದಿರನ್ನು ಕಂಡಿದ್ದೇನೆ. ಅವರ ಪ್ರೀತಿ ಕಡಿಮೆ ಅಂತ ಹೇಳಲು ಆಗುತ್ತಾ? ದೇಹ ತಡೆಯಲ್ಲ ಅಂದರೆ ಮನೆಯಲ್ಲೇ ಇರಿ. ಆದರೆ "ನನ್ನ ದೃಷ್ಟಿ ತಾಗುತ್ತೆ" ಅನ್ನುವ ಕಾರಣಕ್ಕೆ ಮಾತ್ರ ಉಳಿಯಬೇಡಿ. ಹಾಗೆ ಉಳಿದು ಅವನು ಗೆದ್ದರೆ ಮುಂದೆ ನೀವು ಜೀವನದಲ್ಲಿ ಒಂದು ಕುಸ್ತಿಗೂ ಹೋಗಲಾರಿರಿ. ಅವನು ಸೋತರೆ ಅದಕ್ಕೆ ಇನ್ನೇನೋ ಕಾರಣ ಹುಡುಕುತ್ತೀರಿ.

ನಿಮ್ಮ ಲೆಕ್ಕದಲ್ಲೇ ಒಂದು ಎಡವಟ್ಟಿದೆ. ಬೀದಿಯ ಗರಡಿಯ ಹುಡುಗ ಅಂತೀರಿ. ಅವನು ಚಿಕ್ಕವನಿದ್ದಾಗ ಜಾತ್ರೆಗಳಲ್ಲಿ, ಊರಹಬ್ಬಗಳಲ್ಲಿ ಗೆದ್ದ ಕುಸ್ತಿಗಳನ್ನು ನೀವು ನೋಡಿಯೇ ಇರುತ್ತೀರಿ. ನೋಡದೆ ಇದ್ದಿದ್ದರೆ ಅವನ ಮೇಲೆ ಇಷ್ಟು ಅಭಿಮಾನ ಎಲ್ಲಿಂದ ಬರಬೇಕು? ಅವೆಲ್ಲ ಲೆಕ್ಕಕ್ಕಿಲ್ಲ, ಸೋತದ್ದು ಮಾತ್ರ ಲೆಕ್ಕಕ್ಕೆ ಅಂದರೆ ಅದು ನ್ಯಾಯವಲ್ಲ. ಒಂದು ಸಂಜೆ ಕೂತು ಅವನ್ನೂ ನೆನಪು ಮಾಡಿಕೊಳ್ಳಿ.

– ನಿವೃತ್ತ ಶಿಕ್ಷಕ, ದಾವಣಗೆರೆ

*

ನಿಮ್ಮ ಮನೆಯವರ ಪರವಾಗಿ ಎರಡು ಮಾತು. "ಯಾರ ಮನೆ ಮಗನಿಗೋ" ಅಂತ ಅವರು ಕೇಳಿದ್ದು ಹುಡುಗನ ಮೇಲಿನ ಸಿಟ್ಟಿಗಲ್ಲ. ಮನೆಯಲ್ಲಿ ನೀವು ಊಟ ಬಿಟ್ಟು ಕೂತಿರುವುದನ್ನು ದಿನಾ ನೋಡುವವರು ಅವರೇ ತಾನೇ. ಗರಡಿಯೊಳಗೆ ಹೆಂಗಸರಿಗೆ ಪ್ರವೇಶ ಇಲ್ಲದ ಕಾಲದಲ್ಲಿ ಬೆಳೆದವರು ನಾವು. ಮಟ್ಟಿ ಹೇಗಿರುತ್ತದೆ ಅಂತಲೂ ನೋಡಿರಲಿಲ್ಲ. ಅದರೊಳಗೆ ಏನಿದೆ ಅಂತ ನಮಗೆ ಯಾರೂ ಹೇಳಲಿಲ್ಲ. ನನ್ನ ಯಜಮಾನರು ಒಂದು ದಸರಾದಲ್ಲಿ ನನ್ನನ್ನೂ ದೊಡ್ಡಕೆರೆ ಮೈದಾನದ ಕುಸ್ತಿಗೆ ಕರೆದುಕೊಂಡು ಹೋದರು. ಪಕ್ಕದಲ್ಲಿ ಕೂತು ಇದು ಯಾವ ಪಟ್ಟು, ಇದಕ್ಕೆ ಎಷ್ಟು ಪಾಯಿಂಟ್ ಅಂತ ಹೇಳುತ್ತಾ ಹೋದರು. ಹೇಳುವ ಭರದಲ್ಲಿ ಅವರಿಗೆ ತಮ್ಮ ಭಯವೇ ಮರೆತುಹೋಯಿತು. ನನಗೂ ಕುಸ್ತಿ ಹಿಡಿಸಿತು. ಈಗ ಹೆಣ್ಣುಮಕ್ಕಳ ಕುಸ್ತಿ ಇದ್ದ ದಿನ ಅವರಿಗಿಂತ ಮುಂಚೆ ನಾನೇ ಹೊರಟು ನಿಂತಿರುತ್ತೇನೆ. ನೀವೂ ಅವರನ್ನು ಕರೆದುಕೊಂಡು ಹೋಗಿ.

– ಗೃಹಿಣಿ, ನಂಜನಗೂಡು

*

ಅಂಕಲ್, ನಾನು ಬೆಂಗಳೂರಿನಲ್ಲಿ ಓದುತ್ತಿದ್ದೇನೆ. ನಿಮಗೆ ಎರಡು ಕುಸ್ತಿ ನೆನಪಿಸಬೇಕು. 2016ರ ರಿಯೊದಲ್ಲಿ ಸಾಕ್ಷಿ ಮಲಿಕ್ ಕಂಚಿನ ಪದಕದ ಕುಸ್ತಿಯಲ್ಲಿ 0–5 ಹಿಂದಿದ್ದರು. ಕೊನೆಗೆ 8–5ರಿಂದ ಗೆದ್ದರು. ಒಲಿಂಪಿಕ್ಸ್ ಕುಸ್ತಿಯಲ್ಲಿ ಭಾರತದ ಹೆಣ್ಣುಮಗಳೊಬ್ಬಳು ಗೆದ್ದ ಮೊದಲ ಪದಕ ಅದು. ಇನ್ನೊಂದು ಟೋಕಿಯೊದ್ದು, 2021ರ ಆಗಸ್ಟ್ 4. ರವಿ ದಹಿಯಾ ಸೆಮಿಫೈನಲ್‌ನಲ್ಲಿ ಕಜಾಕಿಸ್ತಾನದ ನುರಿಸ್ಲಾಮ್ ಸನಾಯೆವ್ ಎದುರು 2–9 ಹಿಂದಿದ್ದರು. ನಮ್ಮ ಮನೆಯಲ್ಲಿ ಎಲ್ಲರೂ ಮುಗೀತು ಅಂತ ಟಿವಿ ಮುಂದಿಂದ ಎದ್ದು ಹೋದರು. ನಾನೊಬ್ಬನೇ ಕೂತಿದ್ದೆ. ರವಿ ಎರಡೂ ಕಾಲಿಗೆ ಕೈ ಹಾಕಿ ಕೆಡವಿ, ಹಾಗೇ ತಿರುಗಿಸಿ ಹಿಡಿದುಬಿಟ್ಟರು. ಸನಾಯೆವ್ ತೋಳು ಕಚ್ಚಿದ, ಆದರೂ ರವಿ ಬಿಡಲಿಲ್ಲ. ಎರಡೂ ಭುಜ ಮ್ಯಾಟ್‌ಗೆ ತಾಗಿತು. ಅಷ್ಟು ಪಾಯಿಂಟ್ ಹಿಂದಿದ್ದರೂ ಚಿತ್ ಮಾಡಿದರೆ ಕುಸ್ತಿ ಅಲ್ಲಿಗೇ ಮುಗೀತು, ಅಲ್ವಾ? ನಾನು ಕೂಗಿದ ಕೂಗಿಗೆ ಅಡುಗೆ ಮನೆಯಲ್ಲಿದ್ದ ಅಮ್ಮ ಓಡಿ ಬಂದರು. ಆಮೇಲೆ ಎಲ್ಲರೂ ರೀಪ್ಲೇ ನೋಡಿದರು. ಆದರೆ ಅದು ರೀಪ್ಲೇ ಅಷ್ಟೇ. ಆ ಕ್ಷಣ ನನಗೆ ಮಾತ್ರ ಸಿಕ್ಕಿತು. ನಿಮ್ಮ ಹುಡುಗನ ಅಂಥ ಕ್ಷಣವನ್ನು ನೀವು ಬೇರೆಯವರ ಬಾಯಲ್ಲಿ ಕೇಳಬೇಕಾ? ದಯವಿಟ್ಟು ಬೇಡ.

– ಎಂಜಿನಿಯರಿಂಗ್ ವಿದ್ಯಾರ್ಥಿ, ಬೆಂಗಳೂರು

*

ಅಣ್ಣಾವ್ರೇ, ನಾವು ಪಕ್ಕದ ಬಡಾವಣೆಯವರೇ ಇರಬೇಕು. ನಿಮ್ಮ ಹುಡುಗ ಯಾರು ಅಂತಲೂ ಊಹೆ ಮಾಡಿದ್ದೇವೆ. ನಿಜ ಹೇಳಬೇಕು ಅಂದರೆ ನಾವು ಇನ್ನೊಂದು ಗರಡಿಯವರು. ನಮ್ಮ ಹುಡುಗನೂ ಅದೇ ಪಟ್ಟಕ್ಕೆ ಇಳಿಯುತ್ತಿದ್ದಾನೆ. ನಮಗೂ ನಿದ್ದೆ ಇಲ್ಲ. ನಾಡ ಕುಸ್ತಿಗೆ ಯಾರ ಎದುರು ಯಾರು ಅಂತ ಜೋಡಿ ಕಟ್ಟುವ ದಿನದಿಂದಲೇ ನಮ್ಮ ಗರಡಿಯಲ್ಲಿ ಯಾರ ಮುಖದಲ್ಲೂ ನಗು ಇಲ್ಲ. ದೇವರಾಜ ಅರಸು ಕ್ರೀಡಾಂಗಣಕ್ಕೆ ನಾವೊಂದಷ್ಟು ಜನ ಬೇಗ ಹೋಗಿ ಮ್ಯಾಟ್ ಚೆನ್ನಾಗಿ ಕಾಣುವ ಕಡೆ ಕೂರುತ್ತೇವೆ. ಒಬ್ಬರೇ ಕೂತರೆ ಭಯ ಜಾಸ್ತಿ. ಮನೆಯವರನ್ನೂ ಕರೆದುಕೊಂಡು ಬನ್ನಿ. ಕೆಂಪು ಟವೆಲ್ ಹೆಗಲ ಮೇಲೆ ಹಾಕಿಕೊಂಡ ಗುಂಪು ಕಂಡರೆ ಅದು ನಾವೇ. ಜಾಗ ಹಿಡಿದಿರ್ತೀವಿ.

– ಗರಡಿ ಗೆಳೆಯರು, ಮೈಸೂರು