ರೇಡ್ 5ರಲ್ಲಿ ಹೊಸ ಡಿಸ್ಕ್ ಹಾಕಿದರೂ ಮತ್ತೆ ಹೊರಬೀಳುತ್ತಿದೆ, ಏನು ಮಾಡಲಿ?

ಪ್ರಶ್ನೆ

ಮನೆಯ ಸರ್ವರ್‌ನಲ್ಲಿ ನಾಲ್ಕು 4 ಟಿಬಿ ಡಿಸ್ಕ್‌ಗಳ ರೇಡ್ 5 ಇದೆ (ಒಂದು ಡಿಸ್ಕ್ ಹೋದರೂ ಉಳಿದವುಗಳಿಂದ ಡೇಟಾ ಸಿಗುವ ಜೋಡಣೆ). ಲಿನಕ್ಸ್, ರೇಡ್ ನಿಭಾಯಿಸುವ ಎಂಡಿಎಡಿಎಂ, ಅದರ ಮೇಲೆ ಇಎಕ್ಸ್‌ಟಿ4 ಫೈಲ್ ಸಿಸ್ಟಮ್. ದೊಡ್ಡ ಫೈಲ್‌ಗಳನ್ನು ಹಾಕುತ್ತಿರುವಾಗ ನಾಲ್ಕನೇ ಡಿಸ್ಕ್ ಫೇಲ್ ಅಂತ ತೋರಿಸಿ ಹೊರಬಿತ್ತು. ಹೊಸ ಡಿಸ್ಕ್ ತಂದು ಅದೇ ಜಾಗಕ್ಕೆ ಹಾಕಿದೆ, ರೀಬಿಲ್ಡ್ (ಉಳಿದ ಡಿಸ್ಕ್‌ಗಳಿಂದ ಹೊಸದನ್ನು ತುಂಬುವುದು) ಶುರುವಾಯಿತು, ಅರ್ಧ ಮುಗಿಯುವ ಮೊದಲೇ ಹೊಸದೂ ಹಾಗೇ ಬಿತ್ತು. ರೇಡ್ ಸ್ಥಿತಿ ತೋರಿಸುವ ಎಂಡಿಸ್ಟ್ಯಾಟ್‌ನಲ್ಲಿ ಈಗ ಮೂರು ಯು (ನಡೆಯುತ್ತಿರುವ ಡಿಸ್ಕ್), ಕೊನೆಗೆ ಒಂದು ಅಡಿಗೆರೆ (ಹೊರಬಿದ್ದದ್ದು). ಫೈಲ್‌ಗಳು ಇನ್ನೂ ತೆರೆಯುತ್ತಿವೆ. ಮಕ್ಕಳ ಫೋಟೊ, ವಿಡಿಯೊ ಎಲ್ಲಾ ಇದರಲ್ಲೇ ಇದೆ, ಬ್ಯಾಕಪ್ ಇರುವುದು ಸ್ವಲ್ಪಕ್ಕೆ ಮಾತ್ರ. ಪರಿಚಯದವರೊಬ್ಬರು ಕ್ರಿಯೇಟ್ ಕಮಾಂಡ್ ಕೊಟ್ಟು ರೇಡನ್ನು ಹೊಸದಾಗಿ ಮಾಡು, ಡೇಟಾ ಹಾಗೇ ಉಳಿಯುತ್ತದೆ ಎನ್ನುತ್ತಿದ್ದಾರೆ. ಮಾಡಬಹುದಾ?

ಉತ್ತರ

ದಯವಿಟ್ಟು ಕ್ರಿಯೇಟ್ ಕೊಡಬೇಡಿ ಸರ್. ಈಗ ಡೇಟಾ ಓದಲು ಸಿಗುತ್ತಿದೆ, ಆ ಕಮಾಂಡ್ ಕೊಟ್ಟ ಮೇಲೆ ಸಿಗುತ್ತದೆ ಅನ್ನುವ ಭರವಸೆ ಇಲ್ಲ. ಅದು ಪ್ರತಿ ಡಿಸ್ಕಿನ ಸೂಪರ್‌ಬ್ಲಾಕನ್ನು (ರೇಡಿನ ವಿವರ ಇರುವ ಭಾಗ) ಹೊಸದಾಗಿ ಬರೆಯುತ್ತದೆ. ಡಿಸ್ಕ್‌ಗಳ ಕ್ರಮ, ಚಂಕ್ ಸೈಜ್ (ಒಂದೊಂದು ಡಿಸ್ಕಿಗೆ ಹಂಚುವ ತುಣುಕಿನ ಅಳತೆ), ಡೇಟಾ ಆಫ್‌ಸೆಟ್ (ಡಿಸ್ಕಿನಲ್ಲಿ ಡೇಟಾ ಶುರುವಾಗುವ ಜಾಗ) ಮೂರೂ ಹಳೆಯದಕ್ಕೆ ಸರಿಯಾಗಿ ಹೊಂದಬೇಕು. ಎಂಡಿಎಡಿಎಂ ಆವೃತ್ತಿ ಬದಲಾದರೆ ಡೇಟಾ ಆಫ್‌ಸೆಟ್ ಬೇರೆಯಾಗಬಹುದು, ಅದು ನಿಮಗೆ ಗೊತ್ತೂ ಆಗುವುದಿಲ್ಲ. ಜೊತೆಗೆ ಸಿಂಕ್ ಬೇಡ ಅನ್ನುವ ಅಸ್ಯೂಮ್-ಕ್ಲೀನ್ ಆಯ್ಕೆ ಮರೆತರೆ ತಾನೇ ಸಿಂಕ್ ಶುರು ಮಾಡಿ ಒಂದು ಡಿಸ್ಕಿನ ಮೇಲೆ ಬರೆದುಬಿಡುತ್ತದೆ. ಎಲ್ಲ ದಾರಿಯೂ ಮುಚ್ಚಿದಾಗ, ಡಿಸ್ಕ್‌ಗಳ ನಕಲಿನ ಮೇಲೆ ಮಾತ್ರ ಮಾಡುವ ಕೆಲಸ ಅದು.

ಮೊದಲು ಫೈಲ್ ಸಿಸ್ಟಮನ್ನು ರೀಡ್-ಓನ್ಲಿಯಾಗಿ ಮೌಂಟ್ ಮಾಡಿ, ಬ್ಯಾಕಪ್ ಇಲ್ಲದ್ದನ್ನು ಬೇರೆ ಡಿಸ್ಕಿಗೆ ಕಾಪಿ ಮಾಡಿಕೊಳ್ಳಿ. ತುಂಬಾ ಬೇಕಾದ್ದು ಮೊದಲು. ರೀಬಿಲ್ಡ್ ಮತ್ತೆ ಶುರು ಮಾಡಬೇಡಿ. ಅದಾದ ಮೇಲೆ ಕರ್ನಲ್ ಲಾಗ್, ಎಲ್ಲ ಡಿಸ್ಕ್‌ಗಳ ಸ್ಮಾರ್ಟ್ ವರದಿ, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ (ತೆಗೆದಿಟ್ಟ ಹಳೆಯದರದ್ದೂ), ಎಂಡಿಎಡಿಎಂ ಎಕ್ಸಾಮಿನ್ ಕಮಾಂಡ್ ಕೊಡುವ ವಿವರ, ಇಷ್ಟನ್ನು ಹಾಕಿ. ಒಂದೇ ಜಾಗದಲ್ಲಿ ಎರಡು ಡಿಸ್ಕ್ ಬಿದ್ದಿವೆ ಅಂದರೆ ನನಗೆ ಅನುಮಾನ ಡಿಸ್ಕಿನ ಮೇಲಲ್ಲ, ಆ ಜಾಗದ ಮೇಲೆ.

ಪ್ರಶ್ನೆ ಕೇಳಿದವರು

ಬೇಕಾದ್ದೆಲ್ಲ ಕಾಪಿ ಆಯಿತು, ಒಂದು ವಿಡಿಯೊ ಮಾತ್ರ ಮಧ್ಯದಲ್ಲಿ ಐ/ಒ ಎರರ್ ಕೊಟ್ಟಿತು. ಲಾಗ್‌ನಲ್ಲಿ ನಾಲ್ಕನೇ ಪೋರ್ಟಿಗೆ 'ಹಾರ್ಡ್ ರೀಸೆಟಿಂಗ್ ಲಿಂಕ್' ಮತ್ತೆ ಮತ್ತೆ ಇದೆ, ಲಿಂಕ್ ವೇಗ 6 ಜಿಬಿಪಿಎಸ್‌ನಿಂದ 3ಕ್ಕೆ, ಆಮೇಲೆ 1.5ಕ್ಕೆ ಇಳಿದಿದೆ. ಹೊಸ ಡಿಸ್ಕಿನ ಸ್ಮಾರ್ಟ್‌ನಲ್ಲಿ 5ನೇ ಸಾಲು (ಕೆಟ್ಟು ಬದಲಿಸಲಾದ ಸೆಕ್ಟರ್‌ಗಳು) ಮತ್ತು 197ನೇ ಸಾಲು ಸೊನ್ನೆ, 199 ಮಾತ್ರ ಏರಿದೆ. ಹಳೆಯದರಲ್ಲೂ ಹಾಗೇ. ಇನ್ನೊಂದು ಗಮನಿಸಿದೆ, ಮೂರನೇ ಡಿಸ್ಕಿನಲ್ಲಿ 197 ಅನ್ನುವುದು 8 ಅಂತಿದೆ. ಮೊದಲ ಮೂರರ ಇವೆಂಟ್ಸ್ ಸಂಖ್ಯೆ (ರೇಡಿನ ಬದಲಾವಣೆಗಳ ಎಣಿಕೆ) ಒಂದೇ ಇದೆ.

ಉತ್ತರ

ಇಲ್ಲಿ ಎರಡು ಬೇರೆ ಬೇರೆ ತೊಂದರೆ ಇದೆ, ಅವನ್ನು ಬೆರೆಸಬೇಡಿ.

ಮೊದಲನೆಯದು ನಾಲ್ಕನೇ ಜಾಗ. ಸ್ಮಾರ್ಟ್ 199 ಅಂದರೆ ಯುಡಿಎಂಎ ಸಿಆರ್‌ಸಿ ಎರರ್. ಡಿಸ್ಕಿಗೂ ಬೋರ್ಡಿಗೂ ನಡುವೆ ಹೋಗುವ ಡೇಟಾ ದಾರಿಯಲ್ಲೇ ಕೆಟ್ಟಿದೆ ಅಂತ ಅದರರ್ಥ, ಡೇಟಾ ಇರುವ ಒಳಗಿನ ತಟ್ಟೆ (ಪ್ಲೇಟರ್) ಹಾಳಾಗಿದೆ ಅಂತಲ್ಲ. ಲಿಂಕ್ ವೇಗ ಇಳಿಯುವುದೂ ಅದನ್ನೇ ಹೇಳುತ್ತದೆ, ತಪ್ಪು ಜಾಸ್ತಿಯಾದಾಗ ಕರ್ನಲ್ ನಿಧಾನದ ವೇಗದಲ್ಲಿ ಪ್ರಯತ್ನಿಸುತ್ತದೆ. ಸಾಟಾ ಕೇಬಲ್ ಬದಲಿಸಿ. ಪವರ್ ಕೇಬಲನ್ನೂ ನೋಡಿ, ಒಂದರಿಂದ ಹಲವು ಡಿಸ್ಕಿಗೆ ಕವಲು ಹಾಕುವ ಸ್ಪ್ಲಿಟರ್ ಇದ್ದರೆ ತೆಗೆದು ನೇರವಾಗಿ ಕೊಡಿ. ಕೇಬಲ್ ಬದಲಿಸಿಯೂ 199 ಏರುತ್ತಿದ್ದರೆ ಬೇರೆ ಪೋರ್ಟಿಗೆ ಹಾಕಿ, ಎರರ್ ಪೋರ್ಟಿನಲ್ಲೇ ಉಳಿಯುತ್ತದಾ ಡಿಸ್ಕಿನ ಜೊತೆ ಬರುತ್ತದಾ ನೋಡಿ. ಆ ಸಂಖ್ಯೆ ಎಂದೂ ಸೊನ್ನೆಗೆ ಇಳಿಯುವುದಿಲ್ಲ, ಆದ್ದರಿಂದ ಈಗ ಎಷ್ಟಿದೆ ಅಂತ ಬರೆದಿಟ್ಟುಕೊಳ್ಳಿ. ಮುಟ್ಟುವ ಮೊದಲು ಪ್ರತಿ ಡಿಸ್ಕಿನ ಸೀರಿಯಲ್ ನಂಬರ್ ಕೂಡ ಬರೆದುಕೊಳ್ಳಿ. ಎಸ್‌ಡಿಎ, ಎಸ್‌ಡಿಬಿ ಅನ್ನುವ ಹೆಸರುಗಳು ಬೂಟ್ ಆದಾಗ ಅದಲುಬದಲಾಗುತ್ತವೆ.

ಎರಡನೆಯದು ಮೂರನೇ ಡಿಸ್ಕ್. ನನಗೆ ನಿಜವಾದ ಭಯ ಇರುವುದು ಇಲ್ಲಿ. 197 ಅಂದರೆ ಓದಲಾಗದೆ ಬಾಕಿ ಉಳಿದ ಸೆಕ್ಟರ್‌ಗಳು. 8 ಅಂದರೆ ಬಹುಶಃ ಒಂದೇ ಜಾಗ, ಯಾಕೆಂದರೆ ಈಗಿನ ಡಿಸ್ಕ್‌ಗಳಲ್ಲಿ ಒಳಗಿನ ಸೆಕ್ಟರ್ 4096 ಬೈಟ್, ಹೊರಗೆ ತೋರಿಸುವುದು 512ರ ಲೆಕ್ಕದಲ್ಲಿ. ನಾಲ್ಕೂ ಡಿಸ್ಕ್ ಚೆನ್ನಾಗಿದ್ದರೆ ಇದು ದೊಡ್ಡ ವಿಷಯವೇ ಅಲ್ಲ, ಎಂಡಿ (ಲಿನಕ್ಸಿನ ರೇಡ್ ಭಾಗ) ಉಳಿದ ಮೂರರಿಂದ ಆ ತುಣುಕನ್ನು ಲೆಕ್ಕ ಹಾಕಿ ಅದೇ ಜಾಗದಲ್ಲಿ ಮತ್ತೆ ಬರೆಯುತ್ತದೆ. ಈಗ ನಿಮ್ಮ ಬಳಿ ಆ ಹೆಚ್ಚುವರಿ ಡಿಸ್ಕ್ ಇಲ್ಲ. ರೀಬಿಲ್ಡ್ ಆಗಬೇಕಾದರೆ ಉಳಿದ ಮೂರನ್ನೂ ಮೊದಲಿನಿಂದ ಕೊನೆಯವರೆಗೆ ಓದಬೇಕು, ಆ ಜಾಗ ಬಂದಾಗ ಓದು ಸೋಲುತ್ತದೆ, ಕೆಲವೊಮ್ಮೆ ರೀಬಿಲ್ಡ್ ಅಲ್ಲಿಗೇ ನಿಲ್ಲುತ್ತದೆ. ನಿಮ್ಮ ವಿಡಿಯೊ ಕೊಟ್ಟ ಎರರ್ ಇದೇ ಇರಬೇಕು.

ಆದ್ದರಿಂದ ನಾನಾಗಿದ್ದರೆ ಹೊಸ ಡಿಸ್ಕನ್ನು ನಾಲ್ಕನೆಯದರ ಬದಲಿಗೆ ಬಳಸುವುದಿಲ್ಲ. ಅದನ್ನು ಮೂರನೆಯದರ ಬದಲಿಗೆ ಬಳಸುತ್ತೇನೆ. ರೇಡ್ ಸ್ಟಾಪ್ ಮಾಡಿ. ಹೊಸದನ್ನು ಒಳ್ಳೆಯ ಕೇಬಲ್‌ಗೆ ಹಾಕಿ ಕೆಟ್ಟ ಡಿಸ್ಕ್ ನಕಲು ಮಾಡುವ ಡಿಡಿರೆಸ್ಕ್ಯೂನಿಂದ ಮೂರನೆಯದನ್ನು ಪೂರ್ತಿ ನಕಲು ಮಾಡಿ, ಎಷ್ಟು ಓದಿದೆ ಅಂತ ಬರೆದಿಡುವ ಮ್ಯಾಪ್ ಫೈಲ್ ತಪ್ಪದೆ ಕೊಡಿ, ಮಧ್ಯೆ ನಿಂತರೂ ಬಿಟ್ಟಲ್ಲಿಂದ ಮುಂದುವರಿಯುತ್ತದೆ. ಮೂಲ ಯಾವುದು, ನಕಲು ಯಾವುದು ಅಂತ ಸೀರಿಯಲ್ ನಂಬರ್ ನೋಡಿ ಎರಡು ಸಲ ಖಚಿತಪಡಿಸಿಕೊಂಡೇ ಎಂಟರ್ ಒತ್ತಿ, ತಿರುಗಾಮುರುಗಾ ಆದರೆ ವಾಪಸ್ ಬರುವ ದಾರಿಯೇ ಇಲ್ಲ. ಮುಗಿದ ಮೇಲೆ ಮೂರನೆಯದನ್ನು ಯಂತ್ರದಿಂದ ತೆಗೆಯಿರಿ, ಒಂದೇ ಗುರುತಿನ ಎರಡು ಡಿಸ್ಕ್ ಒಟ್ಟಿಗೆ ಇರಬಾರದು. ಒಂದು, ಎರಡು, ನಕಲು ಸೇರಿಸಿ ಅಸೆಂಬಲ್ ಮಾಡಿ (ಇರುವ ರೇಡನ್ನೇ ಮತ್ತೆ ಶುರು ಮಾಡುವುದು). ಆಮೇಲೆ ತೆಗೆದಿಟ್ಟಿರುವ ಹಳೆಯ ನಾಲ್ಕನೇ ಡಿಸ್ಕಿಗೆ ಸ್ಮಾರ್ಟ್‌ನ ಲಾಂಗ್ ಟೆಸ್ಟ್ ಓಡಿಸಿ, ಪಾಸಾದರೆ ಅದರ ಸೂಪರ್‌ಬ್ಲಾಕ್ ಅಳಿಸಿ ಆ್ಯಡ್ ಮಾಡಿ. ಅದು ಹಾಳಾಗಿದೆ ಅನ್ನಲು ನೀವು ಕೊಟ್ಟ ವರದಿಯಲ್ಲಿ ಏನೂ ಇಲ್ಲ.

ಮತ್ತೊಬ್ಬರು

ಸರ್ ಹೇಳಿದ್ದು ಸರಿ, ಒಂದು ಸೇರಿಸುತ್ತೇನೆ. ನಾಲ್ಕಕ್ಕೂ ಎಸ್‌ಸಿಟಿ ಇಆರ್‌ಸಿ (ಕೆಟ್ಟ ಸೆಕ್ಟರ್ ಮೇಲೆ ಡಿಸ್ಕ್ ಎಷ್ಟು ಹೊತ್ತು ಪ್ರಯತ್ನಿಸಬೇಕು ಅನ್ನುವ ಮಿತಿ) ಆನ್ ಇದೆಯಾ ನೋಡಿ. ಸಾಮಾನ್ಯ ಡೆಸ್ಕ್‌ಟಾಪ್ ಡಿಸ್ಕ್ ಒಂದು ಕೆಟ್ಟ ಸೆಕ್ಟರ್ ಓದಲು ಒಂದೆರಡು ನಿಮಿಷ ಒದ್ದಾಡಬಹುದು, ಕರ್ನಲ್ ಮಾತ್ರ 30 ಸೆಕೆಂಡ್ ಕಾದು ಲಿಂಕ್ ರೀಸೆಟ್ ಮಾಡುತ್ತದೆ, ಕೊನೆಗೆ ಒಂದು ಸೆಕ್ಟರ್ ಓದಲಾಗದ ಡಿಸ್ಕ್ ಪೂರ್ತಿಯಾಗಿ ರೇಡ್‌ನಿಂದ ಹೊರಗೆ. ಇಆರ್‌ಸಿ ಇದ್ದರೆ 70 ಅಂತ ಕೊಡಿ, ಅಂದರೆ 7 ಸೆಕೆಂಡ್. ಇಲ್ಲದ ಡಿಸ್ಕಿಗೆ ಕರ್ನಲ್‌ನ ಟೈಮ್‌ಔಟನ್ನೇ 180ಕ್ಕೆ ಏರಿಸಿ. ಎರಡನ್ನೂ ಬೂಟ್ ಸ್ಕ್ರಿಪ್ಟಿನಲ್ಲಿ ಹಾಕಿ, ಪವರ್ ಹೋದರೆ ಮರೆತುಬಿಡುತ್ತವೆ. ಮಾಡೆಲ್ ನಂಬರ್ ಹುಡುಕಿ ಎಸ್‌ಎಂಆರ್ ಡಿಸ್ಕ್ (ಟ್ರ್ಯಾಕ್‌ಗಳನ್ನು ಒಂದರ ಮೇಲೊಂದು ಅತಿಕ್ರಮಿಸಿ ಬರೆಯುವ ಬಗೆ) ಅಲ್ಲ ಅಂತಲೂ ಖಾತ್ರಿ ಮಾಡಿಕೊಳ್ಳಿ, ಅವು ರೀಬಿಲ್ಡ್‌ನಲ್ಲಿ ತುಂಬಾ ಸತಾಯಿಸುತ್ತವೆ.

ಪ್ರಶ್ನೆ ಕೇಳಿದವರು

ಎಸ್‌ಎಂಆರ್ ಯಾವುದೂ ಇಲ್ಲ. ನಾಲ್ಕನೇ ಜಾಗಕ್ಕೆ ಸ್ಪ್ಲಿಟರ್‌ನಿಂದಲೇ ಪವರ್ ಹೋಗುತ್ತಿತ್ತು, ಅದನ್ನೂ ಸಾಟಾ ಕೇಬಲನ್ನೂ ಬದಲಿಸಿದೆ. ಡಿಡಿರೆಸ್ಕ್ಯೂ ಕೊನೆಗೆ 4096 ಬೈಟ್ ಮಾತ್ರ ಓದಲಾಗಲಿಲ್ಲ ಅಂತ ತೋರಿಸಿತು. ಹಳೆಯ ನಾಲ್ಕನೆಯದು ಲಾಂಗ್ ಟೆಸ್ಟ್ ಪಾಸಾಯಿತು, ಆ್ಯಡ್ ಮಾಡಿದೆ, ರೀಬಿಲ್ಡ್ ಮುಗಿದು ಈಗ ನಾಲ್ಕೂ ಯು. 199 ಎಲ್ಲೂ ಏರಿಲ್ಲ. ಇಬ್ಬರಿಗೂ ತುಂಬಾ ಥ್ಯಾಂಕ್ಸ್ ಸರ್. ತೆಗೆದ ಮೂರನೇ ಡಿಸ್ಕನ್ನು ಏನು ಮಾಡಲಿ?

ಉತ್ತರ

ತುಂಬಾ ಖುಷಿಯಾಯಿತು. ಆ ವಿಡಿಯೊ ಫೈಲನ್ನು ಒಮ್ಮೆ ಪ್ಲೇ ಮಾಡಿ ನೋಡಿ. ಆ 4096 ಬೈಟ್ ಇರಬೇಕಾದಲ್ಲಿ ಈಗ ಸರಿಯಾದ ಡೇಟಾ ಇಲ್ಲ, ಸ್ವಲ್ಪ ಹೊತ್ತು ಚಿತ್ರ ಒಡೆಯಬಹುದು, ಅಥವಾ ಗೊತ್ತೇ ಆಗದಿರಬಹುದು. ಫೈಲ್ ಸಿಸ್ಟಮ್ ಪರೀಕ್ಷಿಸುವ ಎಫ್‌ಎಸ್‌ಸಿಕೆ ಕೂಡ ಓಡಿಸಿ.

ತಿಂಗಳಿಗೊಮ್ಮೆ ಎಲ್ಲ ಡಿಸ್ಕ್‌ಗಳನ್ನೂ ಪೂರ್ತಿ ಓದಿ ನೋಡುವ ಎಂಡಿ ಚೆಕ್ ಓಡುವಂತೆ ಮಾಡಿ. ಮೂರನೇ ಡಿಸ್ಕಿನ ಆ ಸೆಕ್ಟರ್ ನಾಲ್ಕೂ ಇದ್ದಾಗಲೇ ಚೆಕ್‌ನಲ್ಲಿ ಸಿಕ್ಕಿದ್ದರೆ ತಾನಾಗಿ ಸರಿಯಾಗುತ್ತಿತ್ತು. ಎಂಡಿಎಡಿಎಂ ಮಾನಿಟರ್‌ಗೆ ನಿಮ್ಮ ಮೇಲ್ ವಿಳಾಸ ಕೊಟ್ಟು, ಪರೀಕ್ಷೆಗೆ ಒಂದು ಮೇಲ್ ಕಳಿಸಿ ನಿಜವಾಗಿ ಬರುತ್ತದಾ ನೋಡಿ.

ಮೂರನೆಯದನ್ನು ಸುಮ್ನೆ ಎಸೆಯಬೇಡಿ. ಬೇರೆ ಯಂತ್ರದಲ್ಲಿ ಹಾಕಿ ಪೂರ್ತಿ ಸೊನ್ನೆ ಬರೆಯಿರಿ. 197 ಸೊನ್ನೆಗೆ ಇಳಿದು 5 ಕೂಡ ಸೊನ್ನೆಯಲ್ಲೇ ನಿಂತರೆ, ಇನ್ನೊಂದು ಕಡೆ ಪ್ರತಿ ಇರುವ ಫೈಲ್‌ಗಳನ್ನು ಇಡಲು ಬಳಸಿ. 5 ಏರತೊಡಗಿದರೆ ಅದನ್ನು ನಂಬಬೇಡಿ. ಎರಡರಲ್ಲಿ ಯಾವುದೇ ಆದರೂ ರೇಡ್‌ಗೆ ಮಾತ್ರ ವಾಪಸ್ ಹಾಕಬೇಡಿ.