‘ಎಲ್ಲಾ ತೆಗೆದುಬಿಡೋಣ’ ಅಂದರೆ ಏನೇನು? ಕೇಳಿಕೊಂಡೇ ಹೋಗಿ

ಓದುಗರ ಸ್ಪಂದನ

ಸಮಸ್ಯೆ: ನಾನು ದಾವಣಗೆರೆಯ ನಿಟ್ಟುವಳ್ಳಿಯ ಗೃಹಿಣಿ. ವಯಸ್ಸು 43. ಒಂದೂವರೆ ವರ್ಷದಿಂದ ಮುಟ್ಟಿನಲ್ಲಿ ವಿಪರೀತ ರಕ್ತ ಹೋಗುತ್ತಿದೆ. ಸ್ಕ್ಯಾನಿಂಗ್ ಮಾಡಿಸಿದಾಗ ಗರ್ಭಕೋಶದಲ್ಲಿ ಫೈಬ್ರಾಯ್ಡ್ ಗಡ್ಡೆಗಳಿವೆ ಎಂದು ಬಂತು. ಹಿಮೋಗ್ಲೋಬಿನ್ 7.8 ಇದೆ. ಡಾಕ್ಟರು ‘ಎಲ್ಲಾ ತೆಗೆದುಬಿಡೋಣ, ಮುಂದಿನ ತಿಂಗಳು ಬನ್ನಿ’ ಎಂದರು. ನಮ್ಮ ಯಜಮಾನರು, ಅತ್ತೆ ಇಬ್ಬರೂ ‘ಆಯ್ತು ಸಾರ್’ ಎಂದು ಎದ್ದೇಬಿಟ್ಟರು. ನನಗೆ ಒಂದು ಪ್ರಶ್ನೆಯನ್ನೂ ಕೇಳಲಾಗಲಿಲ್ಲ. ಹೊರಗೆ ಅಷ್ಟೊಂದು ಜನ ಕಾಯುತ್ತಿದ್ದರು. ಡಾಕ್ಟರು ಬೇರೆ ಗಂಡಸು. ಆಪರೇಷನ್ ಆದ ಮೇಲೆ ಮೈ ಬರುತ್ತದೆ, ಸೊಂಟ ಹಿಡಿಯುತ್ತದೆ, ಗಂಡ-ಹೆಂಡತಿ ಸಂಬಂಧ ಅಲ್ಲಿಗೆ ಮುಗೀತು ಎಂದು ಓಣಿಯವರು ಹೆದರಿಸುತ್ತಾರೆ. ರಾತ್ರಿ ನಿದ್ದೆ ಹತ್ತುತ್ತಿಲ್ಲ. ಏನು ಮಾಡಲಿ?

ಅಂಡಾಶಯದ ವಿಷಯ ಮೊದಲು ಕೇಳಿ

ಅಕ್ಕಾ, ನನಗೂ ‘ಎಲ್ಲಾ ತೆಗೀತೀವಿ’ ಎಂದೇ ಹೇಳಿದ್ದರು. ಆಗ ನನಗೆ 39 ವರ್ಷ. ಬೇರೆ ಊರಿನ ಒಂದು ನರ್ಸಿಂಗ್ ಹೋಮ್. ಆಪರೇಷನ್ ಚೆನ್ನಾಗಿಯೇ ಆಯಿತು, ಹೊಲಿಗೆಯೂ ಒಣಗಿತು. ತೊಂದರೆ ಶುರುವಾದದ್ದು ಆಮೇಲೆ. ಸಂಕ್ರಾಂತಿ ಚಳಿಯಲ್ಲಿ ಮನೆಯವರೆಲ್ಲ ಕಂಬಳಿ ಹೊದ್ದು ಮಲಗಿದ್ದರೆ ನಾನು ಫ್ಯಾನ್ ಹಾಕಿಕೊಂಡು ಕೂರುತ್ತಿದ್ದೆ. ಎದೆಯಿಂದ ಮುಖಕ್ಕೆ ಬಿಸಿ ಏರುತ್ತಿತ್ತು. ರವಿಕೆ ತೊಯ್ದು ತೊಪ್ಪೆಯಾಗುತ್ತಿತ್ತು. ಸ್ವಲ್ಪ ಹೊತ್ತಿಗೆ ಮತ್ತೆ ಚಳಿ. ಸುಮ್‌ಸುಮ್ನೆ ಮಕ್ಕಳ ಮೇಲೆ ರೇಗುತ್ತಿದ್ದೆ.

ಬೇರೊಬ್ಬ ಡಾಕ್ಟರಮ್ಮನ ಹತ್ತಿರ ಹೋದಾಗ ಡಿಸ್ಚಾರ್ಜ್ ಕಾರ್ಡ್ ಕೇಳಿದರು. ಅದರಲ್ಲಿ ‘ಟಿಎಎಚ್ ಪ್ಲಸ್ ಬಿಎಸ್‌ಒ’ ಎಂದು ಬರೆದಿತ್ತು. ಗರ್ಭಕೋಶದ ಜೊತೆಗೆ ಎರಡೂ ಕಡೆಯ ಅಂಡಾಶಯ, ಅಂಡನಾಳಗಳನ್ನೂ ತೆಗೆದಿದ್ದಾರೆ ಎಂದು ಅವರು ಬೆರಳಿಟ್ಟು ತೋರಿಸಿದಾಗಲೇ ನನಗೆ ಗೊತ್ತಾದದ್ದು. ಗರ್ಭಕೋಶ ಮಾತ್ರ ತೆಗೆದರೆ ಮುಟ್ಟು ನಿಲ್ಲುತ್ತದೆ, ಹಾರ್ಮೋನು ಬರುತ್ತಲೇ ಇರುತ್ತದೆ. ಅಂಡಾಶಯವೂ ಹೋದರೆ ಐವತ್ತರ ಹೊತ್ತಿಗೆ ನಿಧಾನಕ್ಕೆ ಆಗಬೇಕಾದ್ದೆಲ್ಲ ಒಮ್ಮೆಲೇ ಮೈಮೇಲೆ ಬೀಳುತ್ತದೆ. ಮೂಳೆಯೂ ಬೇಗ ಸವೆಯುತ್ತದೆ. ನನ್ನ ಅಂಡಾಶಯ ಚೆನ್ನಾಗಿತ್ತು ಎಂದು ಹಳೆಯ ಸ್ಕ್ಯಾನಿಂಗ್ ವರದಿಯಲ್ಲೇ ಇದೆ. ಅದನ್ನು ನೋಡಿದರೆ ಈಗಲೂ ಹೊಟ್ಟೆ ಉರಿಯುತ್ತದೆ.

‘ಸಾರ್, ಅಂಡಾಶಯ ಉಳಿಸ್ತೀರಾ, ತೆಗೀತೀರಾ? ತೆಗೆಯೋದಾದರೆ ಯಾಕೆ?’ ಇಷ್ಟೇ ಕೇಳಿ. ಉತ್ತರವನ್ನು ನಿಮ್ಮ ಫೈಲಿನಲ್ಲಿ ಅವರ ಕೈಯಲ್ಲೇ ಬರೆಸಿ.
– ಓದುಗಿ, ಹರಿಹರ

ಮಾತಾಡಲಿಕ್ಕೆಂದೇ ಇನ್ನೊಂದು ಸಲ ಹೋಗಿ

ನಾನು ಈ ಆಪರೇಷನ್ ಮಾಡಿ ಮಾಡಿಯೇ ತಲೆ ಹಣ್ಣಾದವಳು. ಒಪಿಡಿ ತುಂಬಿರುವಾಗ ಕೇಳಿದವರಿಗೆ ಡಾಕ್ಟರು ಹೇಳುತ್ತಾರೆ, ಕೇಳದವರಿಗೆ ಹೇಳುವುದು ಕಡಿಮೆ. ಅದು ಸರಿ ಎನ್ನುತ್ತಿಲ್ಲ, ನಡೆಯುವುದು ಹಾಗೆ. ಆದ್ದರಿಂದ ಅಡ್ಮಿಟ್ ಆಗುವ ದಿನಕ್ಕೆ ಕಾಯದೆ ಮೊದಲೇ ಒಮ್ಮೆ ಹೋಗಿ. ‘ತೋರಿಸೋಕಲ್ಲ, ಆಪರೇಷನ್ ಬಗ್ಗೆ ಮಾತಾಡೋಕೆ’ ಎಂದು ರಿಸೆಪ್ಷನ್‌ನಲ್ಲಿ ಹೇಳಿ, ಕೊನೆಯ ನಂಬರ್ ತೆಗೆದುಕೊಳ್ಳಿ. ನಾಚಿಕೆ ಆಗುವ ಪ್ರಶ್ನೆಗಳನ್ನು ಕನ್ನಡದಲ್ಲೇ ಚೀಟಿಯಲ್ಲಿ ಬರೆದು ಮುಂದಿಡಿ. ಅವರೇ ಓದಿಕೊಂಡು ಉತ್ತರಿಸುತ್ತಾರೆ.

ಫೈಬ್ರಾಯ್ಡ್ ಕ್ಯಾನ್ಸರ್ ಅಲ್ಲ. ಗಡ್ಡೆಯ ಜಾಗದಲ್ಲಿ ಕ್ಯಾನ್ಸರ್ ಸಿಗುವುದು ತೀರಾ ಅಪರೂಪ. ಮುಟ್ಟು ನಿಂತ ಮೇಲೆ ಗಡ್ಡೆ ಸಾಮಾನ್ಯವಾಗಿ ತಾನಾಗಿ ಕುಗ್ಗುತ್ತದೆ. ಹಾಗಂತ 7.8 ಇಟ್ಟುಕೊಂಡು ಇನ್ನೂ ಏಳೆಂಟು ವರ್ಷ ಕಾಯಿರಿ ಎಂದು ಹೇಳುವವಳಲ್ಲ ನಾನು. ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ ಇದೆ, ಹಾರ್ಮೋನ್ ಮಾತ್ರೆಗಳಿವೆ, ಕಾಪರ್-ಟಿ ಥರ ಒಳಗೆ ಕೂರಿಸುವ ಮಿರೆನಾ ಇದೆ. ಗಡ್ಡೆ ಒಳಗಿನ ಜಾಗವನ್ನೇ ಸೊಟ್ಟ ಮಾಡಿದ್ದರೆ ಮಿರೆನಾ ಸರಿಹೋಗುವುದಿಲ್ಲ. ಗಡ್ಡೆಯನ್ನಷ್ಟೇ ತೆಗೆಯುವ ಆಪರೇಷನ್ನೂ ಉಂಟು. ‘ಇವು ನನಗೆ ಯಾಕೆ ಆಗಲ್ಲ?’ ಎಂದು ಕೇಳಿ. ಆಗದಿರುವುದಕ್ಕೆ ಒಳ್ಳೆಯ ಕಾರಣವೇ ಇರಬಹುದು. ಆ ಕಾರಣ ನಿಮಗೂ ಗೊತ್ತಿರಬೇಕು, ಅಲ್ವಾ? ರಕ್ತ ಹೊತ್ತುಗೊತ್ತಿಲ್ಲದೆ ಹೋಗುತ್ತಿದ್ದರೆ ಗರ್ಭಕೋಶದ ಒಳಪದರದ ಚೂರು ತೆಗೆದು ನೋಡುವ ಬಯಾಪ್ಸಿ ಬೇಕಾ ಎಂದೂ ವಿಚಾರಿಸಿ.

ನಿಮ್ಮ ವಯಸ್ಸಿಗೆ ಅಂಡಾಶಯ ಆರೋಗ್ಯವಾಗಿದ್ದರೆ ಉಳಿಸುವುದೇ ವಾಡಿಕೆ. ನಾಳಗಳನ್ನು ತೆಗೆಯುವುದುಂಟು, ಅದರಿಂದ ಮುಂದೆ ಅಂಡಾಶಯದ ಕ್ಯಾನ್ಸರ್ ಬರುವ ಸಾಧ್ಯತೆ ತಗ್ಗುತ್ತದೆ. ತಾಯಿಗೋ ಅಕ್ಕತಂಗಿಯರಿಗೋ ಸ್ತನದ, ಅಂಡಾಶಯದ ಕ್ಯಾನ್ಸರ್ ಆಗಿದ್ದರೆ ಮುಚ್ಚಿಡಬೇಡಿ, ಆಗ ಲೆಕ್ಕವೇ ಬೇರೆ.

ಹೊಟ್ಟೆ ಕೊಯ್ದು ಮಾಡುತ್ತಾರೋ, ಕೆಳಗಿನಿಂದಲೋ, ಸಣ್ಣ ತೂತುಗಳ ಮೂಲಕ ಮಾಡುವ ಲ್ಯಾಪ್ರೋಸ್ಕೋಪಿಯೋ ಎನ್ನುವುದು ಗಡ್ಡೆಯ ಗಾತ್ರ ಮತ್ತು ನಿಮ್ಮ ಹಿಂದಿನ ಆಪರೇಷನ್‌ಗಳ ಮೇಲೆ ನಿಂತಿದೆ. ಸಿಸೇರಿಯನ್ ಆಗಿದ್ದರೆ ಮೂತ್ರಕೋಶ ಗರ್ಭಕೋಶಕ್ಕೆ ಅಂಟಿಕೊಂಡಿರಬಹುದು. ಮೂತ್ರಕೋಶಕ್ಕೆ ಪೆಟ್ಟಾದರೆ ಇಲ್ಲೇ ಸರಿಮಾಡುತ್ತೀರಾ, ಬೇರೆ ಕಡೆ ಕಳಿಸುತ್ತೀರಾ ಎಂದು ಕೇಳಿ. ಈ ಪ್ರಶ್ನೆಗೆ ಸಿಟ್ಟಾಗುವ ಸರ್ಜನ್ ಹತ್ತಿರ ಆಪರೇಷನ್ ಬೇಡ.

ಇನ್ನು ಆ 7.8. ಜೀವಕ್ಕೆ ಕುತ್ತಾಗುವಷ್ಟು ರಕ್ತ ಹೋಗದಿದ್ದರೆ ಅವಸರ ಬೇಡ. ಐರನ್ ಇಂಜೆಕ್ಷನ್ ಡ್ರಿಪ್ ಹಾಕಿಸಿದರೆ ಕೆಲವೇ ವಾರಗಳಲ್ಲಿ ಏರುತ್ತದೆ. 10 ದಾಟಿಸಿಕೊಂಡು ಹೋಗುವುದು ಒಳ್ಳೆಯದು. ಐರನ್ ಮಾತ್ರೆ ಕೊಟ್ಟಿದ್ದರೆ ಟೀ, ಹಾಲಿನ ಜೊತೆ ನುಂಗಬೇಡಿ, ನಿಂಬೆರಸದ ಜೊತೆ ತೆಗೆದುಕೊಳ್ಳಿ.
– ನಿವೃತ್ತ ಸ್ತ್ರೀರೋಗ ತಜ್ಞೆ, ಚಿತ್ರದುರ್ಗ

ನನಗಂತೂ ಜೀವ ಬಂತು

ಹೆದರಿಸುವವರ ಮಾತು ಕಿವಿಗೆ ಹಾಕಿಕೊಳ್ಳಬೇಡಿ. ಮದುವೆ, ಜಾತ್ರೆ, ಬಸ್ ಪ್ರಯಾಣ ಎಲ್ಲದಕ್ಕೂ ತಾರೀಖು ನೋಡಿ, ಸೀಟಿನಿಂದ ಏಳುವಾಗ ಸೀರೆ ಹಿಂದೆ ಮುಟ್ಟಿ ನೋಡಿಕೊಂಡು ಸಾಕಾಗಿತ್ತು ನನಗೆ. ಗರ್ಭಕೋಶ ತೆಗೆಸಿದೆ, ಅಂಡಾಶಯ ಉಳಿಸಿದರು. ಆಮೇಲೆ ಮೊದಲ ಸಲ ಬಿಳಿ ಸೀರೆ ಉಟ್ಟುಕೊಂಡು ದುಗ್ಗಮ್ಮನ ಗುಡಿಗೆ ಹೋಗಿ ಬಂದೆ. ಮೈ ಬಂದಿಲ್ಲ. ಬಂದಿದ್ದರೂ ಅದು ಬೆಣ್ಣೆ ದೋಸೆಯ ತಪ್ಪು!
– ಓದುಗಿ, ದಾವಣಗೆರೆ

ಸಹಿ ನಿಮ್ಮದು

ಒಪ್ಪಿಗೆ ಪತ್ರಕ್ಕೆ ಗಂಡನ ಸಹಿಯನ್ನೂ ಹಾಕಿಸುವುದು ಆಸ್ಪತ್ರೆಗಳ ರೂಢಿ. ಆದರೆ ಕಾನೂನಿಗೆ ಬೇಕಾದದ್ದು ನಿಮ್ಮ ಒಪ್ಪಿಗೆ. 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ. ಆಕೆ ಸಹಿ ಮಾಡಿದ್ದು ಲ್ಯಾಪ್ರೋಸ್ಕೋಪಿ ಪರೀಕ್ಷೆಗೆ. ಅರಿವಳಿಕೆಯಲ್ಲಿದ್ದಾಗ ಹೊರಗೆ ಕೂತಿದ್ದ ತಾಯಿಯನ್ನು ಕೇಳಿ ಗರ್ಭಕೋಶ, ಅಂಡಾಶಯ ಎರಡನ್ನೂ ತೆಗೆದರು. ಜೀವಕ್ಕೆ ತಕ್ಷಣದ ಅಪಾಯ ಇರಲಿಲ್ಲ, ಆಕೆಗೆ ಎಚ್ಚರವಾದ ಮೇಲೆ ಕೇಳಬಹುದಿತ್ತು, ತಾಯಿಯ ಒಪ್ಪಿಗೆ ಸಾಲದು ಎಂದಿತು ಕೋರ್ಟ್. ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯಲು ಕೇಂದ್ರ ಆರೋಗ್ಯ ಇಲಾಖೆ 2022ರಲ್ಲಿ ಹೊರಡಿಸಿದ ಮಾರ್ಗಸೂಚಿಯನ್ನು ಜಾರಿ ಮಾಡಿ ಎಂದು 2023ರಲ್ಲಿ ರಾಜ್ಯಗಳಿಗೆ ಹೇಳಿದ್ದೂ ಇದೇ ಕೋರ್ಟ್. ಫಾರಂ ಇಂಗ್ಲಿಷಿನಲ್ಲಿದ್ದರೆ ಕನ್ನಡದಲ್ಲಿ ಕೇಳಿ, ಇಲ್ಲವೇ ಓದಿ ಹೇಳಿಸಿ. ಖಾಲಿ ಬಿಟ್ಟ ಜಾಗದ ಕೆಳಗೆ ಸಹಿ ಮಾಡಬೇಡಿ.
– ವಕೀಲರು, ದಾವಣಗೆರೆ

ಈ ಪುಟ ಯಜಮಾನರ ಕೈಗೆ ಕೊಡಿ

ಸಾರ್, ಡಾಕ್ಟರ ಕೋಣೆಯಲ್ಲಿ ನಾವು ಗಂಡಸರು ಜಾಸ್ತಿ ಮಾತಾಡುತ್ತೇವೆ. ನನ್ನ ಹೆಂಡತಿಯನ್ನು ನೋಡಿದ ಡಾಕ್ಟರಮ್ಮ ನನಗೆ ‘ಕೆಳಗೆ ಹೋಗಿ ಬಿಲ್ ಕಟ್ಟಿ ಬನ್ನಿ’ ಎಂದರು. ಕೌಂಟರಿನಲ್ಲಿ ವಿಚಾರಿಸಿದರೆ ಕಟ್ಟುವ ಬಿಲ್ಲೇ ಇರಲಿಲ್ಲ! ಮೇಲೆ ಬರುವಷ್ಟರಲ್ಲಿ ನಮ್ಮವಳು ಕೇಳಬೇಕಾದ್ದನ್ನೆಲ್ಲ ಕೇಳಿ ಮುಗಿಸಿದ್ದಳು. ಯಾರೂ ಹೇಳುವ ಮೊದಲೇ ನೀವು ನಿಮ್ಮ ತಾಯಿಯವರನ್ನು ಕರೆದುಕೊಂಡು ಒಂದು ಟೀ ಕುಡಿದು ಬನ್ನಿ.

ಸಂಬಂಧದ ವಿಷಯಕ್ಕೆ ಬರುತ್ತೇನೆ. ಒಳಗಿನ ಹೊಲಿಗೆ ಮಾಯುವ ತನಕ, ಸುಮಾರು ಆರು ವಾರ, ದೂರ ಇರಬೇಕು. ಡಾಕ್ಟರು ಪರೀಕ್ಷೆ ಮಾಡಿ ಹೂಂ ಅಂದ ಮೇಲೆ ತೊಂದರೆ ಇಲ್ಲ. ನಮ್ಮ ಮನೆಯಲ್ಲಿ ಏನೂ ಮುಗಿಯಲಿಲ್ಲ, ಇಷ್ಟು ಹೇಳಿದರೆ ಸಾಕು. ನೀರಿನ ಕೊಡ, ಸಿಲಿಂಡರ್, ಅಕ್ಕಿ ಚೀಲ ಅಷ್ಟು ದಿನ ನಿಮ್ಮ ಪಾಲು. ನನ್ನ ಪಾಲಿಗೆ ಶೇಂಗಾ ಒಕ್ಕಣೆಯೂ ಅದೇ ಹೊತ್ತಿಗೆ ಬಂದಿತ್ತು. ಏನೂ ಮುಳುಗಿಹೋಗಲಿಲ್ಲ.
– ರೈತ, ಚಳ್ಳಕೆರೆ ತಾಲ್ಲೂಕು

ತಾಳಿ, ಕಾಲುಂಗುರದ ವಿಚಾರ

ಥಿಯೇಟರ್ ಬಾಗಿಲಲ್ಲಿ ಎಷ್ಟೋ ಹೆಂಗಸರು ಅಳುವುದು ಆಪರೇಷನ್‌ಗೆ ಹೆದರಿ ಅಲ್ಲ, ತಾಳಿ ಬಿಚ್ಚಿ ಅಂದಾಗ. ರಕ್ತ ನಿಲ್ಲಿಸಲು ಕರೆಂಟಿನ ಉಪಕರಣ ಬಳಸುತ್ತಾರೆ. ಮೈಮೇಲೆ ಲೋಹ ಇದ್ದರೆ ಚರ್ಮ ಸುಡಬಹುದು. ಅರಿಶಿನದ ಕೊಂಬು ಕಟ್ಟಿದ ದಾರ ಹಾಕಿಕೊಂಡು ಬರುತ್ತೇನೆ, ಆಗುತ್ತಾ ಎಂದು ಮೊದಲೇ ಕೇಳಿಟ್ಟುಕೊಳ್ಳಿ. ಸಾಮಾನ್ಯವಾಗಿ ಬೇಡ ಅನ್ನುವುದಿಲ್ಲ. ವರ್ಷಗಟ್ಟಲೆ ತೆಗೆಯದ ಕಾಲುಂಗುರವನ್ನು ಮನೆಯಲ್ಲೇ ಸೋಪಿನ ನೀರು ಹಾಕಿ ಬಿಡಿಸಿಕೊಂಡು ಬನ್ನಿ, ಆ ಹೊತ್ತಲ್ಲಿ ಕಟರ್ ಹುಡುಕುವ ಪಾಡು ಯಾರಿಗೂ ಬೇಡ. ಉಗುರಿಗೆ ಬಣ್ಣ ಬೇಡ, ಬೆರಳಿಗೆ ಆಕ್ಸಿಜನ್ ನೋಡುವ ಕ್ಲಿಪ್ ಹಾಕುತ್ತಾರೆ. ಕೂದಲು ತೆಗೆಯಲು ಮನೆಯಲ್ಲಿ ಬ್ಲೇಡ್ ಮುಟ್ಟಬೇಡಿ, ಗಾಯವಾಗಿ ಸೋಂಕು ತಗಲುತ್ತದೆ.

ಅರಿವಳಿಕೆ ಡಾಕ್ಟರಿಗೆ ಏನನ್ನೂ ಮುಚ್ಚಬೇಡಿ. ಬಿಪಿ, ಶುಗರ್, ಥೈರಾಯ್ಡ್, ಉಬ್ಬಸ, ಅಲುಗಾಡುವ ಹಲ್ಲು, ಆಗದ ಇಂಜೆಕ್ಷನ್, ನಾಟಿ ಔಷಧಿ, ತಂಬಾಕು ಎಲ್ಲ ಹೇಳಿ. ಆಸ್ಪಿರಿನ್‌ನಂಥ ರಕ್ತ ತೆಳು ಮಾಡುವ ಮಾತ್ರೆ ಯಾವಾಗ ನಿಲ್ಲಿಸಬೇಕು ಎಂದು ಕೇಳಿ, ನೀವೇ ನಿಲ್ಲಿಸಬೇಡಿ. ಆಪರೇಷನ್ ಮರುದಿನ ಡಾಕ್ಟರು ‘ಗ್ಯಾಸ್ ಹೋಯ್ತಾ?’ ಎಂದು ಎಲ್ಲರೆದುರೇ ಕೇಳುತ್ತಾರೆ. ನಾಚಿಕೊಳ್ಳಬೇಡಿ, ಕರುಳು ಕೆಲಸ ಶುರುಮಾಡಿತಾ ಎಂದು ತಿಳಿಯಲು ಕೇಳುವುದು.
– ಸ್ಟಾಫ್ ನರ್ಸ್, ದಾವಣಗೆರೆ

ಮನೆ ಕೆಲಸಗಳನ್ನು ಹೆಸರು ಹೇಳಿ ಕೇಳಿ

ನಮ್ಮಮ್ಮ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವವರು. ಬಿಪಿಎಲ್ ಕಾರ್ಡ್ ಇತ್ತು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸೌಲಭ್ಯ ಇದೆ. ನೇರ ಖಾಸಗಿಗೆ ಹೋದರೆ ಆಗುವುದಿಲ್ಲ, ತುರ್ತು ಇಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಬೇಕು. ಅಲ್ಲಿ ಆಗದಿದ್ದರೆ ರೆಫರಲ್ ಬರೆದುಕೊಡುತ್ತಾರೆ. ಆಸ್ಪತ್ರೆಯಲ್ಲಿ ಆರೋಗ್ಯ ಮಿತ್ರ ಎಂದು ಒಬ್ಬರು ಕೂತಿರುತ್ತಾರೆ, ಹಣದ ಪ್ರಶ್ನೆ ಅವರಿಗೆ ಕೇಳಿ.

ನೀವು ಗೃಹಿಣಿ ಎಂದು ಬರೆದಿದ್ದೀರಿ. ‘ಮನೆ ಕೆಲಸ ಮಾಡಬಹುದಾ?’ ಎಂದು ಕೇಳಿದರೆ ‘ಸಣ್ಣಪುಟ್ಟದ್ದು ಮಾಡಿ’ ಎನ್ನುತ್ತಾರೆ. ಯಾವುದು ಸಣ್ಣದು? ಅಮ್ಮ ಚೀಲ ಎತ್ತುವುದು, ಒಲೆ ಮುಂದೆ ನಿಲ್ಲುವುದು, ಬಟ್ಟೆ ಒಗೆಯುವುದು, ರೊಟ್ಟಿ ಬಡಿಯುವುದು ಎಂದು ಒಂದೊಂದನ್ನೇ ಹೆಸರು ಹೇಳಿ ಕೇಳಿದರು. ಡಾಕ್ಟರು ಒಂದೊಂದಕ್ಕೂ ಬೇರೆ ಬೇರೆ ವಾರ ಹೇಳಿದರು. ಚೀಲಕ್ಕೆ ಎಲ್ಲಕ್ಕಿಂತ ಕೊನೆ. ರೊಟ್ಟಿಯೂ ಸದ್ಯಕ್ಕೆ ಬೇಡ ಎಂದಿದ್ದರಿಂದ ಅಷ್ಟು ದಿನ ಖಾನಾವಳಿಯಿಂದ ತರಿಸಿದೆವು.
– ವಿದ್ಯಾರ್ಥಿನಿ, ದಾವಣಗೆರೆ