ಎರಡನೇ ಟ್ರಂಪೆಟ್ ಕೇಳಿಸ್ತಿಲ್ಲ

ಖಡಕಿ ಮಾಮ: ಪುಣೆಯ ನಮ್ಮ ಕನ್ನಡ ಸಭೆಯ ಹುಡುಗರಿಗೆ ‘ಅಬೈಡ್ ವಿತ್ ಮಿ’ ಅನ್ನೋ ಕ್ರೈಸ್ತ ಸ್ತುತಿಗೀತೆಯನ್ನು ವಾದ್ಯಗಳಿಗೆ ಬರೆದುಕೊಟ್ಟೆ. ಇಂಗ್ಲೆಂಡಿನ ಸಂಗೀತಗಾರ ವಿಲಿಯಂ ಮಂಕ್ 1861ರಲ್ಲಿ ಕಟ್ಟಿದ ರಾಗ. ಎರಡು ಟ್ರಂಪೆಟ್, ಒಂದು ಟ್ರೊಂಬೋನ್, ಒಂದು ಯುಫೋನಿಯಂ (ತಗ್ಗು ದನಿಯ ಹಿತ್ತಾಳೆ ವಾದ್ಯ), ಅಷ್ಟೇ ನಮ್ಮ ಬಳಗ. ಪುಸ್ತಕದಲ್ಲಿ ನಾಲ್ಕು ದನಿಗಳು ಹಾಡೋಕೆ ಇರೋ ನಾಲ್ಕು ಸಾಲು ಹಾಗೇ ಇಳಿಸಿದ್ದೇ ತಪ್ಪಾಯ್ತೇನೋ. ಎರಡನೇ ಟ್ರಂಪೆಟ್ ಮಂಕು, ಮೂರನೇ ಚರಣಕ್ಕೆ ಎಲ್ಲರ ತುಟಿ ಸೋತಿರುತ್ತೆ.

ವಸಾಯಿ ಹುಡುಗ: ಮಾಮ, ಎರಡನೇ ಟ್ರಂಪೆಟ್‌ಗೆ ಕೊಟ್ಟ ಆಲ್ಟೋ ಸಾಲು, ಅಂದ್ರೆ ಮೇಲಿನಿಂದ ಎರಡನೇ ದನಿ, ಟ್ರಂಪೆಟ್‌ಗೆ ತೀರಾ ತಗ್ಗು. ಹಾಡಿನ ಶ್ರುತಿಯನ್ನು ಇ ಫ್ಲ್ಯಾಟ್ ಬಿಟ್ಟು ಎಫ್‌ಗೆ ಏರಿಸಿ. ಬಿ ಫ್ಲ್ಯಾಟ್ ಟ್ರಂಪೆಟ್ ಬರೆದದ್ದಕ್ಕಿಂತ ಒಂದು ಸ್ವರ ತಗ್ಗಾಗಿ ನುಡಿಯುತ್ತೆ, ಅದಕ್ಕೇ ಅದರ ಕಾಗದದಲ್ಲಿ ಜಿ ಅಂತ ಬರೀಬೇಕು, ಮರೀಬೇಡಿ. ನಾನು ಒಮ್ಮೆ ಮರೆತು ಮದುವೆ ಮನೇಲಿ ಮಾನ ಕಳ್ಕೊಂಡಿದ್ದೆ.

ಮಡಗಾಂವ್ ಅಕ್ಕ: ಮೂರನೇ ಚರಣದಲ್ಲಿ ಟ್ರಂಪೆಟ್‌ನವರು ಸುಮ್ಮನೆ ಕೂರಲಿ. ರಾಗ ಯುಫೋನಿಯಂಗೆ, ಕೆಳಗೆ ಟ್ರೊಂಬೋನ್ ಒಂದೇ ಸಾಕು. 2022ರಲ್ಲಿ ದಿಲ್ಲಿಯ ಬೀಟಿಂಗ್ ರಿಟ್ರೀಟ್‌ನಿಂದ (ಗಣರಾಜ್ಯೋತ್ಸವ ಮುಗಿಸುವ ಸೇನಾ ಬ್ಯಾಂಡ್ ಸಮಾರಂಭ) ಕೈಬಿಟ್ಟ ಹಾಡಲ್ವೇ ಇದು? ನೀವಾದ್ರೂ ನುಡಿಸಿ.

ಖಡಕಿ ಮಾಮ: ಏರಿಸಿದೆ. ಎರಡನೆಯವನು ಈಗ ಮೊದಲಿನವನಿಗಿಂತ ಜೋರು!